ಗಡಿನಾಡ ಕನ್ನಡಿಗರೂ ಮಂಜೇಶ್ವರದ ತಕ್ಕಡಿಯೂ

ದೇಹಲೀದೀಪ ನ್ಯಾಯವೆಂದು ಶಾಸ್ತ್ರಕಾರರು ಹೇಳುವುದುಂಟು. ಹೊಸ್ತಿಲ ಮೇಲೆ ಇರಿಸಿದ ದೀಪವು ಒಳಮನೆಗೂ ಅಂಗಳಕ್ಕೂ ಏಕಕಾಲದಲ್ಲಿ ಬೆಳಕನ್ನೀಯುವುದೆಂಬುದು ಅದರ ತಾತ್ಪರ್ಯ. ಆದರೆ ಹೊಸ್ತಿಲಲ್ಲಿ ಇರುವ ದೀಪಕ್ಕೆ ಎರಡು ದಿಕ್ಕಿನ ಗಾಳಿಯೂ ತಗಲುವುದಷ್ಟೆ. ನಮ್ಮ ನೆರೆಯ ಕಾಸರಗೋಡಿನ ಕನ್ನಡಿಗರ ಸ್ಥಿತಿಯು ಈ ದೀಪದಂತೆಯೇ ಇರುವುದು. ಅವರು ಕೇರಳರಾಜ್ಯದಲ್ಲಿ ಅಲ್ಪಸಂಖ್ಯಾತರು. ಆದರೂ ಮಂಜೇಶ್ವರವೆಂಬ ಒಂದು ಕ್ಷೇತ್ರದಲ್ಲಿ ಚುನಾವಣೆಯ ತಕ್ಕಡಿಯನ್ನು ಏರಿಸಿ ಇಳಿಸಬಲ್ಲವರು. ಸ್ವಲ್ಪ ಜನರು ಬಹುಜನರ ನಿರ್ಣಯವನ್ನು ಹೇಗೆ ತಿದ್ದುವರು, ತಿದ್ದಿದುದರಿಂದ ಅವರಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಉಡುಪಿ, ಕಾಪು, ಕಾರ್ಕಳಗಳ ವಾಚಕರಿಗೆ ಇದು ಪರದೇಶದ ಸಂಗತಿಯಲ್ಲ. ೧೯೫೬ರ ವರೆಗೆ ಉಡುಪಿ, ಕಾರ್ಕಳ ತಾಲೂಕುಗಳೂ ಕಾಸರಗೋಡು ತಾಲೂಕೂ ಮದರಾಸು ಸಂಸ್ಥಾನದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯೊಳಗೆ ಇದ್ದುವು; ಮಂಗಳೂರಿನ ಕಲೆಕ್ಟರರ ಆಜ್ಞೆಯು ಚಂದ್ರಗಿರಿ ಹೊಳೆಯ ಆಚೆಗೂ ನಡೆಯುತ್ತಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನು ಕುಂಬಳೆಯವನು; ೧೯೪೯ರಲ್ಲಿ ರಾಷ್ಟ್ರಕವಿಯೆಂಬ ಬಿರುದನ್ನು ಪಡೆದ ಗೋವಿಂದ ಪೈಗಳು ಮಂಜೇಶ್ವರದವರು. ಫಜಲ್ ಆಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ೧೯೫೬ನೆಯ ನವಂಬರ ೧ರಂದು ಅದು ಹಾಗೆಯೇ ಆಯಿತು. ನಾವು ಮೈಸೂರಿಗೆ ಸೇರಿದೆವು. ಅವರು ಕೇರಳಕ್ಕೆ ಸೇರಿದರು. ಹಬ್ಬ, ಆಟ, ಮದುವೆಗಳ ಸಂಬಂಧವು ಮೊದಲಿನಂತೆಯೇ ಉಳಿಯಿತಾದರೂ ಮತಪೆಟ್ಟಿಗೆಯು ಬೇರೆಯಾಯಿತು.

ಹೊಸ ಕೇರಳದ ಪ್ರಥಮ ಚುನಾವಣೆಯು ೧೯೫೭ರಲ್ಲಿ ನಡೆಯಿತು. ಆಗ ಮಂಜೇಶ್ವರದಲ್ಲಿ ನಡೆದುದು ಸೋಜಿಗದ ಸಂಗತಿ. ಪಕ್ಷೇತರರಾಗಿ ನಿಂತ ಎಂ. ಉಮೇಶ ರಾಯರ ಇದಿರಿಗೆ ಯಾರೂ ಉಳಿಯದೆ ಅವರು ಅವಿರೋಧವಾಗಿ ಆಯ್ಕೆಯಾದರು. ಕೇರಳದ ವಿಧಾನಸಭೆಗೆ ಆ ಬಗೆಯಿಂದ ಆರಿಸಿ ಹೋದವರು ಬೇರೊಬ್ಬರಿಲ್ಲ. ಮುಂದೆ ೧೯೬೦, ೧೯೬೫, ೧೯೬೭ರ ಚುನಾವಣೆಗಳಲ್ಲಿ ಕರ್ನಾಟಕ ಸಮಿತಿಯ ಬೆಂಬಲದ ಕೆ. ಮಹಾಬಲ ಭಂಡಾರಿಯವರು ಗೆದ್ದರು. ೧೯೬೫ರಲ್ಲಿ ಆರಿಸಲ್ಪಟ್ಟ ಸಭೆಯು ಯಾವ ಪಕ್ಷಕ್ಕೂ ಬಹುಮತವಿಲ್ಲದೆ ಕೂಡುವ ಮೊದಲೇ ವಿಸರ್ಜನೆ ಹೊಂದಿತೆಂಬುದು ಬೇರೆ ಮಾತು. ಆ ಹತ್ತು ವರ್ಷ ಮಂಜೇಶ್ವರದ ಮತವು ಒಂದೇ ಪ್ರಶ್ನೆಗೆ ಉತ್ತರವಾಗಿತ್ತು: ನಾವು ಯಾವ ರಾಜ್ಯಕ್ಕೆ ಸೇರಬೇಕು?

ಆ ಒಗ್ಗಟ್ಟಿನ ಫಲವೇನು? ೧೯೬೬ರಲ್ಲಿ ಕೇಂದ್ರ ಸರಕಾರವು ಮಹಾಜನ ಆಯೋಗವನ್ನು ನೇಮಿಸಿತು. ಚಂದ್ರಗಿರಿ-ಪಯಸ್ವಿನಿಗಳ ಉತ್ತರದ ಭಾಗವು ಮೈಸೂರಿಗೆ ಸಲ್ಲಬೇಕೆಂದು ಅದು ೧೯೬೭ರಲ್ಲಿ ವರದಿಯನ್ನು ಒಪ್ಪಿಸಿತು. ವರದಿಯು ಕಪಾಟನ್ನು ಸೇರಿತು, ಗಡಿಯು ಕದಲಲಿಲ್ಲ. ತಿರುವನಂತಪುರದ ಸಭೆಯಲ್ಲಿ ಏಕಾಂಗಿಯಾಗಿ ಕುಳಿತ ಪಕ್ಷೇತರ ಸದಸ್ಯನಿಗೆ ಕೂಗುವ ಶಕ್ತಿಯುಂಟು, ತೂಗುವ ಶಕ್ತಿಯಿಲ್ಲವೆಂಬುದು ಆಗ ವಿದಿತವಾಯಿತು. ಎಲ್ಲರ ಮತವೂ ಯಾರಿಗೆ ಬೀಳುವುದೆಂದು ಮೊದಲೇ ಗೊತ್ತಿದ್ದ ಮೇಲೆ ದೊಡ್ಡ ಪಕ್ಷಗಳು ಆ ಬಾಗಿಲಿಗೆ ಬಂದು ಬೇಡುವ ಅಗತ್ಯವಾದರೂ ಏನು?

೧೯೭೦ರಿಂದ ಕಾಲವು ಮಗುಚಿತು. ಆ ವರ್ಷದ ಜನವರಿ ೧ರಿಂದ ಕೇರಳದಲ್ಲಿ ಭೂಸುಧಾರಣೆಯ ಕಾನೂನು ನಡೆಗೆ ಬಂದು ಗೇಣಿಯ ಪದ್ಧತಿಯು ಅಳಿಯಿತು. ಗೇಣಿಯ ಒಕ್ಕಲಿಗೆ, ಅವನು ಕನ್ನಡಿಗನಾಗಲಿ ತುಳುವನಾಗಲಿ, ರಾಜ್ಯದ ಹೆಸರಿಗಿಂತ ಗದ್ದೆಯ ಹಕ್ಕುಪತ್ರವು ಹತ್ತಿರದ ವಸ್ತು. ಅದೇ ವರ್ಷದ ಚುನಾವಣೆಯಲ್ಲಿಯೂ ೧೯೭೭ರಲ್ಲಿಯೂ ಕಮ್ಯೂನಿಸ್ಟ್ ಪಕ್ಷದ ಎಂ. ರಾಮಪ್ಪನವರು, ೧೯೮೦ ಮತ್ತು ೧೯೮೨ರಲ್ಲಿ ಅದೇ ಪಕ್ಷದ ಎ. ಸುಬ್ಬರಾಯರು ಗೆದ್ದರು. ಸುಬ್ಬರಾಯರು ನಾಯನಾರರ ಪ್ರಥಮ ಮಂತ್ರಿಮಂಡಲದಲ್ಲಿ ನೀರಾವರಿಯ ಮಂತ್ರಿಗಳೂ ಆದರು. ಭಾಷೆಯ ಕಟ್ಟು ಸಡಿಲವಾದಾಗ ಗಡಿನಾಡಿನ ಕನ್ನಡಿಗನು ಮಂತ್ರಿಪದವಿಗೆ ಏರಿದನೆಂಬುದು ಚರಿತ್ರೆಯ ಒಂದು ವಿನೋದ.

ತರುವಾಯ ೧೯೮೭ರಿಂದ ೨೦೦೧ರ ವರೆಗಿನ ನಾಲ್ಕು ಚುನಾವಣೆಗಳಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರೇ ಗೆದ್ದರು. ೧೯೯೧ರಲ್ಲಿ ಭಾರತೀಯ ಜನತಾ ಪಕ್ಷದ ಕೆ. ಜಿ. ಮಾರಾರರು ಸಾವಿರದಷ್ಟು ಮತಗಳಿಂದ ಸೋತರು. ೨೦೦೬ರಲ್ಲಿ ಮಾರ್ಕ್ಸಿಸ್ಟ್ ಪಕ್ಷದ ಸಿ. ಎಚ್. ಕುಂಞಂಬು ಅವರು ಗೆದ್ದುದರಿಂದ ಕ್ಷೇತ್ರವು ಮುಕ್ಕೋನದ ಕಣವೆಂಬುದು ಸಿದ್ಧವಾಯಿತು. ೨೦೧೧ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಝಾಕರು ಭಾಜಪದ ಕೆ. ಸುರೇಂದ್ರನ್ ಅವರನ್ನು ೫,೮೨೮ ಮತಗಳಿಂದ ಸೋಲಿಸಿದರು. ೨೦೧೬ರಲ್ಲಿ ಆ ಇಬ್ಬರೇ ಮತ್ತೆ ಇದಿರಾದಾಗ ರಝಾಕರಿಗೆ ೫೬,೮೭೦, ಸುರೇಂದ್ರನ್ ಅವರಿಗೆ ೫೬,೭೮೧ ಮತಗಳು ಬಿದ್ದುವು. ಅಂತರವು ೮೯! ಒಂದು ದೊಡ್ಡ ಮದುವೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವಷ್ಟು ಜನರು. ಮೂರನೆಯವರಾದ ಕುಂಞಂಬು ಅವರಿಗೂ ನಲವತ್ತೆರಡು ಸಾವಿರಕ್ಕೆ ಮಿಕ್ಕಿ ಮತಗಳು ದೊರೆತಿದ್ದುವು. ನಮ್ಮ ಕಾರ್ಕಳದಲ್ಲಿ ೨೦೨೩ರಲ್ಲಿ ನಾಲ್ಕೂವರೆ ಸಾವಿರದಷ್ಟು ಅಂತರವನ್ನೇ ನಾವು ಬಿಗಿಯಾದ ಹೋರಾಟವೆಂದು ಎಣಿಸಿದೆವು. ಹೀಗಿರಲು ೮೯ನ್ನು ಏನೆನ್ನೋಣ?

ಇಲ್ಲಿ ಭಾಷೆಯ ಪಾತ್ರವೆಷ್ಟು? ರಝಾಕರು ೨೦೧೮ರಲ್ಲಿ ಕಾಲವಾದರು. ೨೦೧೯ರ ಅಕ್ಟೋಬರದ ಉಪಚುನಾವಣೆಯಲ್ಲಿ ಭಾಜಪವು ರವೀಶ ತಂತ್ರಿ ಕುಂಟಾರು ಅವರನ್ನೂ ಮಾರ್ಕ್ಸಿಸ್ಟ್ ಪಕ್ಷವು ಶಂಕರ ರೈಗಳನ್ನೂ ನಿಲ್ಲಿಸಿದುವು. ಇಬ್ಬರೂ ಕನ್ನಡದವರು. ಆದರೆ ಗೆದ್ದವರು ದಕ್ಷಿಣದ ತೃಕ್ಕರಿಪುರದ ಕಡೆಯವರಾದ, ಲೀಗಿನ ಎಂ. ಸಿ. ಕಮರುದ್ದೀನ್, ಅಂತರ ೭,೯೨೩. ಕನ್ನಡದ ಹೆಸರೊಂದೇ ಗೆಲ್ಲಿಸಲಾರದೆಂಬುದಕ್ಕೆ ಇದು ನಿದರ್ಶನ. ೨೦೨೧ರಲ್ಲಿ ಲೀಗು ಮಂಜೇಶ್ವರದವರೇ ಆದ ಎ. ಕೆ. ಎಂ. ಅಶ್ರಫರನ್ನು ಆರಿಸಿತು. ಅವರು ೬೫,೭೫೮ ಮತಗಳನ್ನು ಪಡೆದು, ೬೫,೦೧೩ ಮತಗಳನ್ನು ಪಡೆದ ಸುರೇಂದ್ರನ್ ಅವರನ್ನು ೭೪೫ರಿಂದ ಸೋಲಿಸಿ, ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರತಿಜ್ಞೆಯನ್ನು ಸ್ವೀಕರಿಸಿದರು.

ಈ ಅಂಕಿಗಳ ಹಿಂದೆ ಇರುವ ಜನರನ್ನು ನೋಡಬೇಕು. ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಕುಂಬಳೆ, ಎಣ್ಮಕಜೆ ಎಂಬ ಎಂಟು ಪಂಚಾಯತುಗಳಲ್ಲಿ ಕನ್ನಡಿಗರೆಂದರೆ ಒಂದು ಪಂಗಡವಲ್ಲ. ಹವ್ಯಕರು, ಕರಾಡರು, ಕೊಂಕಣಿಗಳು, ಬಂಟರು, ಬಿಲ್ಲವರು, ಬ್ಯಾರಿಗಳು ಮನೆಯೊಳಗೆ ಬೇರೆ ಬೇರೆ ನುಡಿಯನ್ನಾಡುವವರು. ಇವರಲ್ಲಿ ಅನೇಕರು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು. ಅವರನ್ನು ಕೂಡಿಸುವುದು ಶಾಲೆ ಮತ್ತು ಕಚೇರಿಯ ಕನ್ನಡ. ಅಗಲಿಸುವುದು ಮತ, ಕುಲ, ಕಸಬು, ಪಕ್ಷ. ಭಾಷೆಯು ಮತವನ್ನು ನಿರ್ಣಯಿಸುವುದಿಲ್ಲ. ಅಂತರವು ಕೂದಲೆಳೆಯಷ್ಟಿದ್ದಾಗ ಮಾತ್ರ ಅದು ತಕ್ಕಡಿಯ ಮುಳ್ಳನ್ನು ಅಲುಗಿಸುವುದು.

ಇದು ನಮ್ಮಲ್ಲಿಯೇ ಕಾಣುವ ವಿಶೇಷವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಪಾನಿಷ್ ನುಡಿಯ ಮೂಲದ ಜನರಿದ್ದಾರೆ. ೨೦೦೦ದಲ್ಲಿ ಫ್ಲಾರಿಡಾ ಸಂಸ್ಥಾನದಲ್ಲಿ ೫೩೭ ಮತಗಳಿಂದ ಅಧ್ಯಕ್ಷ ಪದವಿಯೇ ನಿರ್ಣಯವಾಯಿತು. ಅಲ್ಲಿ ಕ್ಯೂಬಾದಿಂದ ಬಂದವರ ಮತವು ಬಹುಮಟ್ಟಿಗೆ ಬುಷ್ ಅವರ ಕಡೆಗಿತ್ತು. ಅದೇ ನುಡಿಯ ಮೆಕ್ಸಿಕೋ ಮೂಲದ ಜನರು ನೆವಾಡಾದಲ್ಲಿ ಬಹುಕಾಲ ಎದುರು ಪಕ್ಷಕ್ಕೆ ಆಸರೆಯಾಗಿದ್ದರು. ೨೦೨೨ರಲ್ಲಿ ಅಲ್ಲಿಯ ಸೆನೆಟ್ ಸ್ಥಾನವು ಎಂಟು ಸಾವಿರಕ್ಕೆ ಕಡಮೆಯಾದ ಅಂತರದಿಂದ ಅವರ ಪಕ್ಷಕ್ಕೆ ಉಳಿಯಿತು. ೨೦೨೪ರಲ್ಲಿ ಆ ಜನರ ಹಲವರು ಈಚೆಗೆ ವಾಲಿದರು. ಸಂಸ್ಥಾನವು ಟ್ರಂಪ್ ಅವರಿಗೆ ಸಂದಿತು. ಒಂದು ನುಡಿಯವರೆಲ್ಲರೂ ಒಂದೇ ಕಡೆ ನಿಲ್ಲುವರೆಂದು ನಂಬಿದ ಪಕ್ಷಗಳು ಅಲ್ಲಿಯೂ ಪೆಟ್ಟು ತಿಂದುವು. ಆದರೂ ಆ ಜನರು ಒಂದನ್ನು ಸಾಧಿಸಿದ್ದಾರೆ. ೧೯೭೫ರಲ್ಲಿ ತಿದ್ದಿದ ಮತಾಧಿಕಾರದ ಶಾಸನದಂತೆ, ಅವರ ಸಂಖ್ಯೆಯು ಸಾಕಷ್ಟಿರುವ ಪ್ರಾಂತಗಳಲ್ಲಿ ಮತಪತ್ರವು ಅವರ ನುಡಿಯಲ್ಲಿಯೂ ಇರಲೇಬೇಕು. ಅವರು ಯಾವ ಪಕ್ಷದವರೆಂದು ಶಾಸನವು ಕೇಳುವುದಿಲ್ಲ.

ಕಾಸರಗೋಡಿನವರಿಗೂ ಶಾಸನದ ಬಲವು ಇಲ್ಲದಿಲ್ಲ. ಸಂವಿಧಾನದ ೩೫೦ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ತಾಯಿನುಡಿಯಲ್ಲಿ ದೊರೆಯುವಂತೆ ವ್ಯವಸ್ಥೆ ಮಾಡಲು ರಾಜ್ಯಗಳಿಗೆ ವಿಧಿಸಿದೆ. ಕೇರಳದ ೧೯೬೯ರ ರಾಜಭಾಷಾ ಶಾಸನವು ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಹಕ್ಕನ್ನಿತ್ತಿದೆ. ಆದರೆ ಶಾಸನವು ತಾನಾಗಿ ನಡೆಯುವುದಿಲ್ಲ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದರೆಂಬ ದೂರು ಹಲವು ಬಾರಿ ಎದ್ದಿದೆ. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನವು ೨೦೧೭ರಲ್ಲಿ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಮಾತು ತಿಳಿಯದ ಅಧ್ಯಾಪಕನ ಮುಂದೆ ಕುಳಿತ ಮಗುವಿಗೆ ಗಣಿತವೂ ಮಂತ್ರದಂತಾಗುವುದು. ಪಾಠ ಹೇಳಿ ಜೀವಿಸಿದವರಿಗೆ ಈ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಒಂದು ತಲೆಮಾರು ಹೀಗೆ ಕಳೆದರೆ, ತಕ್ಕಡಿಯಲ್ಲಿ ಇಡುವುದಕ್ಕೆ ಕನ್ನಡದ ಮತವೆಂಬುದೇ ಉಳಿಯಲಾರದು.

ಆದುದರಿಂದ ಈ ಅರುವತ್ತಕ್ಕೂ ಮಿಕ್ಕ ವರ್ಷಗಳ ಚರಿತ್ರೆಯಿಂದ ಹೊರಡುವ ಅಭಿಪ್ರಾಯವಿಷ್ಟು. ೧೯೫೭ರ ಒಗ್ಗಟ್ಟು ಮತ್ತೆ ಬರಲಾರದು. ಬರಬೇಕೆಂದು ಹಂಬಲಿಸುವುದೂ ಸರಿಯಲ್ಲ, ಏಕೆಂದರೆ ಒಕ್ಕಲಿಗೂ ವರ್ತಕನಿಗೂ ತಮ್ಮ ತಮ್ಮ ಹಿತವನ್ನು ನೋಡಿ ಮತವೀಯುವ ಸ್ವಾತಂತ್ರ್ಯವಿದೆ. ಮೂರು ಪಕ್ಷಗಳಲ್ಲಿ ಹಂಚಿಹೋದ ಕನ್ನಡಿಗರು ಮತದಲ್ಲಿ ಬೇರೆಯಾಗಿದ್ದರೂ ಬೇಡಿಕೆಯಲ್ಲಿ ಒಂದಾಗಬಹುದು. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕನು ಬರಬೇಕು, ಕಚೇರಿಯ ಕಾಗದವು ಕನ್ನಡದಲ್ಲಿರಬೇಕು ಎಂಬ ಎರಡು ಮಾತುಗಳನ್ನು ಎಲ್ಲ ಪಕ್ಷದ ಅಭ್ಯರ್ಥಿಗಳ ಮುಂದೆಯೂ ಚುನಾವಣೆಗೆ ಮೊದಲೇ ಇರಿಸಿ, ಅವರ ಉತ್ತರವನ್ನು ಬರೆದಿಟ್ಟು, ಐದು ವರ್ಷಗಳ ಬಳಿಕ ಲೆಕ್ಕ ಕೇಳಬೇಕು. ಎಂಬತ್ತೊಂಬತ್ತು ಮತಗಳಿಂದ ಸೋಲುಗೆಲುವು ಆಗುವ ಕ್ಷೇತ್ರದಲ್ಲಿ ಇಂತಹ ಪ್ರಶ್ನೆಯನ್ನು ಯಾವ ಅಭ್ಯರ್ಥಿಯೂ ಹಗುರವಾಗಿ ಎಣಿಸಲಾರನು. ಗಡಿಯ ಈಚೆಗಿರುವ ನಾವಾದರೋ, ಉಡುಪಿ ಮಣಿಪಾಲಗಳ ವಿದ್ಯಾಸಂಸ್ಥೆಗಳ ಬಲವುಳ್ಳವರು, ಆ ಶಾಲೆಗಳಿಗೆ ಪುಸ್ತಕವನ್ನೂ ಅಲ್ಲಿಂದ ಬರುವ ಮಕ್ಕಳಿಗೆ ಆಸರೆಯನ್ನೂ ನೀಡುವುದು ಹಳೆಯ ಜಿಲ್ಲೆಯ ಋಣದ ಒಂದು ಅಂಶವೆಂದು ತಿಳಿಯತಕ್ಕದ್ದು.