ಪಾಲಕ ಸಂತ

ಇಂಗ್ಲಿಷಿನ ‘ಪೇಟ್ರನ್ ಸೇಂಟ್’ ಕನ್ನಡದಲ್ಲಿ ಪಾಲಕ ಸಂತ. ‘ಪೇಟ್ರನ್’ ಪದದ ಬೇರು ಲ್ಯಾಟಿನ್‌ನ ‘ಪತ್ರೋನುಸ್’. ಅದರೊಳಗೆ ತಂದೆ ಎಂಬರ್ಥದ ‘ಪಾತೆರ್’ ಇದೆ. ಪ್ರಾಚೀನ ರೋಮಿನಲ್ಲಿ ತನ್ನನ್ನು ನಂಬಿದವರ ಪರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸುವ ಪ್ರಭಾವಿಯೇ ಪತ್ರೋನುಸ್. ಬಿಡುಗಡೆಯಾದ ಗುಲಾಮನಿಗೆ ಹಳೆಯ ಒಡೆಯನೂ ಪತ್ರೋನುಸನೇ.

ಈ ಲೌಕಿಕ ಪದ ಚರ್ಚಿನೊಳಗೆ ಬಂದದ್ದು ಸೊಗಸಾದ ಕಥೆ. 386ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್, ಗೆರ್ವಾಸಿಯುಸ್ ಮತ್ತು ಪ್ರೊತಾಸಿಯುಸ್ ಎಂಬ ಹುತಾತ್ಮರ ಅಸ್ಥಿಗಳನ್ನು ಹೊರತೆಗೆಸಿ ತನ್ನ ಬೆಸಿಲಿಕಾದಲ್ಲಿ ಇರಿಸಿದ. ಅವರೇ ನಗರದ ರಕ್ಷಕರೆಂದು ಸಾರಿದ. ಚಕ್ರವರ್ತಿಯ ಅರಮನೆಯೊಡನೆ ಅವನ ಜಗಳ ತೀವ್ರವಾಗಿದ್ದ ಕಾಲವದು. ನ್ಯಾಯಾಲಯದ ವಕಾಲತ್ತು ಹೀಗೆ ದೇವರ ಸನ್ನಿಧಿಗೂ ವಿಸ್ತರಿಸಿತು; ಅಲ್ಲಿ ಭಕ್ತರ ಪರ ನಿಲ್ಲುವವರು ಸಂತರು.

ಮುಂದೆ ಊರು, ದೇಶ, ಕಸುಬು ಎಲ್ಲಕ್ಕೂ ಪಾಲಕರು ಬಂದರು. 258ರಲ್ಲಿ ರೋಮಿನಲ್ಲಿ ಹುತಾತ್ಮನಾದ ಲಾರೆನ್ಸನನ್ನು ಕಬ್ಬಿಣದ ಸರಳುಗಳ ಮೇಲೆ ಸುಟ್ಟರೆಂಬುದು ಪರಂಪರೆಯ ಮಾತು. ಆ ಬೆಂಕಿಯ ನೆನಪಿನಿಂದಲೇ ಅವನು ಅಡುಗೆಯವರ ಪಾಲಕ. ಕೊಂದ ಸಾಧನವೇ ಕಾಯುವ ಗುರುತಾದದ್ದು ಈ ಪರಂಪರೆಯ ಅತ್ಯಂತ ಮನಕಲಕುವ ತರ್ಕ.

ಕಾರ್ಕಳದ ಬಳಿಯ ಅತ್ತೂರು ಚರ್ಚಿಗೂ ಇದೇ ಲಾರೆನ್ಸ್ ಪಾಲಕ. 2016ರಲ್ಲಿ ಅದಕ್ಕೆ ಮೈನರ್ ಬೆಸಿಲಿಕಾ ಎಂಬ ಗೌರವ ಪದವಿ ದೊರೆಯಿತು. ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಬರುತ್ತಾರೆ.