ಮರದ ನೆರಳಿನಲ್ಲಿ ವಜ್ರಪರೀಕ್ಷೆ

ಮಗಳ ಮದುವೆಗೆಂದು ನಮ್ಮ ಅವ್ವನ ಮೂಗುಬೊಟ್ಟನ್ನು ಹೊಸದಾಗಿ ಕಟ್ಟಿಸಲು ಬಳ್ಳಾರಿಯ ಒಂದು ಅಂಗಡಿಗೆ ಹೋಗಿದ್ದೆ. ಸಿರುಗುಪ್ಪದ ತವರಿನಿಂದ ಆಕೆ ತಂದ ಒಂಟಿ ವಜ್ರ. ಐವತ್ತು ವರ್ಷ ಆಕೆಯ ಮುಖದಲ್ಲಿ ಮಿನುಗಿದ್ದು. ಅಂಗಡಿಯವರು ಹರಳನ್ನು ಚಿನ್ನದ ಗೂಡಿನಿಂದ ಎಬ್ಬಿಸಿದರು. ಎಬ್ಬಿಸಿದೊಡನೆ ಅದು ಗಾಜಿನ ಚೂರಿನಂತೆ ಮಂಕಾಗಿಬಿಟ್ಟಿತು. "ವಜ್ರ ಖರೆ ಸಾರ್, ಆದ್ರ ಇದ್ರಾಗ ಬೆಳಕೇ ಇಲ್ಲ. ಇದನ್ನ ಕೊಟ್ಟು ಹೊಸದು ತಗೊಳ್ರಿ" ಎಂದರು. ಯೋಚಿಸಿ ಹೇಳುತ್ತೇನೆಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಕನ್ನಡ ಪಾಠ ಹೇಳುವವನಿಗೆ ಯೋಚನೆಯೆಂದರೆ ಪುಸ್ತಕ ತೆಗೆಯುವುದೇ!

ವಜ್ರ ಈ ಸೀಮೆಗೆ ಪರದೇಶದ ವಸ್ತುವಲ್ಲ. ಗುಂತಕಲ್ಲಿನ ತೆಂಕಣಕ್ಕಿರುವ ವಜ್ರಕರೂರು, 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮುಂಗಾರಿನ ಮೊದಲ ಮಳೆ ಬಿದ್ದರೆ ಅಲ್ಲಿಯ ಹೊಲಗಳಲ್ಲಿ ಜನ ಇಂದಿಗೂ ತಲೆ ಬಗ್ಗಿಸಿ ಹರಳು ಹುಡುಕುತ್ತಾರೆ. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದರಷ್ಟೆ. ಆ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ರತ್ನಪರೀಕ್ಷೆಗೆ ಎಡೆಗೊಟ್ಟಿದ್ದಾನೆ. ಅದಕ್ಕೂ ಬಹು ಹಿಂದೆ, 6ನೆಯ ಶತಮಾನದ ವರಾಹಮಿಹಿರನು ವಜ್ರವನ್ನು ಅಕ್ಕಿಕಾಳಿನ ಲೆಕ್ಕದಲ್ಲಿ ತೂಗುತ್ತಾನೆ: ಎಂಟು ಬಿಳಿ ಸಾಸಿವೆಗೆ ಒಂದು ಅಕ್ಕಿಕಾಳು. (ಭತ್ತದ ಸಿರುಗುಪ್ಪದವರು ಇದನ್ನು ಮೆಚ್ಚಬೇಕು.) ಒಳ್ಳೆಯ ವಜ್ರ ನೀರಿನಲ್ಲಿ ತೇಲುವುದೆಂದೂ ಆತ ಬರೆದ. ನೀರಿಗಿಂತ ಮೂರೂವರೆ ಪಟ್ಟು ಭಾರದ ಕಲ್ಲು ತೇಲುವುದೆಂತು? ಆದರೆ ಅದರಲ್ಲಿ ಮಿಂಚು, ಬೆಂಕಿ, ಮಳೆಬಿಲ್ಲುಗಳ ಕಾಂತಿಯಿರಬೇಕೆಂಬಲ್ಲಿ ಅವನ ಕಣ್ಣು ತಪ್ಪಿಲ್ಲ. ರತ್ನಶಾಸ್ತ್ರಗಳು ಹೊಗಳುವ ವಜ್ರಕ್ಕೆ ಆರು ಮೊನೆ, ಎಂಟು ಮುಖ, ಹನ್ನೆರಡು ಧಾರೆ. ಇದು ನೆಲದಿಂದ ಬಂದ ಹುಟ್ಟುರೂಪವೇ ಹೊರತು ಮನುಷ್ಯ ಸಾಣೆ ಹಿಡಿದ ರೂಪವಲ್ಲ.

1535ರ ಸುಮಾರಿಗೆ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಗಣಿಗಳ ನಾಡಿನಲ್ಲಿ ಸಿಕ್ಕ 20 ಮಂಜಾಡಿಗೆ ಮೀರಿದ ವಜ್ರವೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕಾಗಿತ್ತು ಎನ್ನುತ್ತಾನೆ. ಪೇಟೆಗೆ ಉಳಿದದ್ದು ಸಣ್ಣ ಕಲ್ಲು. ಅದರ ವ್ಯಾಪಾರವನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯೆ. 1676ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಬಿಜಾಪುರದ ಅರಸನ ಸೀಮೆಯ, ಅವನೇ ಹೇಳುವಂತೆ ಕರ್ನಾಟಕ ಪ್ರಾಂತದ, ಒಂದು ಗಣಿಯ ವರ್ಣನೆಯಿದೆ. ಹತ್ತರಿಂದ ಹದಿನಾರು ವಯಸ್ಸಿನ ವರ್ತಕರ ಮಕ್ಕಳು ಬೆಳಗ್ಗೆ ಊರ ನಡುವಿನ ಮರದ ಕೆಳಗೆ ತೂಕದ ಚೀಲ ಕಟ್ಟಿಕೊಂಡು ಕೂಡುತ್ತಿದ್ದರು. ಮಾರಲು ಬಂದ ಹರಳು ಕೈಯಿಂದ ಕೈಗೆ ಮಾತಿಲ್ಲದೆ ಸಾಗಿ ಹಿರಿಯ ಹುಡುಗನ ಕೈಗೇ ಮರಳುತ್ತಿತ್ತು. ಹಿರಿಯರು ರಾತ್ರಿ, ಗೋಡೆಯ ಒಂದಡಿ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಹರಳನ್ನು ಬೆರಳಲ್ಲಿ ಹಿಡಿದು ಅದರ 'ನೀರು' ನೋಡುತ್ತಿದ್ದರು. ನೀಲಿಯ ಸಂದೇಹ ಬಂದರೆ ಎಲೆ ತುಂಬಿದ ಮರದ ಕೆಳಗೆ ಒಯ್ಯಬೇಕು. ಆ ಹಸುರು ನೆರಳಿನಲ್ಲಿ ಗುಟ್ಟು ರಟ್ಟಾಗುತ್ತದೆ.

ಟ್ಯಾವರ್ನಿಯೆ ಇನ್ನೊಂದು ಮಾತು ಹೇಳುತ್ತಾನೆ. ನನಗೆ ಬೇಕಾದದ್ದು ಅದೇ. ಕಲ್ಲು ಶುದ್ಧವಾಗಿದ್ದರೆ ನಮ್ಮವರು ಅದರ ಮೇಲೂ ಕೆಳಗೂ ಸಾಣೆ ಸೋಕಿಸಿ ಬಿಡುತ್ತಿದ್ದರು, ತೂಕ ಕಳೆದೀತೆಂಬ ಭಯದಿಂದ. ಕಲೆಯಿದ್ದ ಕಲ್ಲಿಗೆ ಮಾತ್ರ ಮೈತುಂಬ ಮುಖ ಕಡೆದು ದೋಷವನ್ನು ಮರೆಸುತ್ತಿದ್ದರು. ಹಾಗಾದರೆ ಹೆಚ್ಚು ಮುಖಗಳೆಂದರೆ ಆಗ್ಗೆ ಹೊಗಳಿಕೆಯಲ್ಲ, ಅನುಮಾನ! ಯುರೋಪಿನವರು ಬೆಳಕಿಗಾಗಿ ತೂಕವನ್ನು ತೆತ್ತರು. ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಕಡೆಸಿದಾಗ ಐದರಲ್ಲಿ ಎರಡು ಪಾಲಿನಷ್ಟು ತೂಕ ಹೋಯಿತು. 1919ರಲ್ಲಿ ಮಾರ್ಸೆಲ್ ಟೊಲ್ಕೊವ್‌ಸ್ಕಿ ಎಂಬಾತ ಲೆಕ್ಕ ಹಾಕಿ, ತಳದ ಮುಖಗಳ ಓರೆ 40¾ ಡಿಗ್ರಿ ಇರಬೇಕೆಂದ. ಆಗ ಮೇಲಿನಿಂದ ಹೊಕ್ಕ ಬೆಳಕು ತಳದಲ್ಲಿ ಎರಡು ಬಾರಿ ಪುಟಿದು ನೋಡುವವರ ಕಣ್ಣಿಗೇ ಹಿಂದಿರುಗುತ್ತದೆ. ತಳ ತೀರ ಚಪ್ಪಟೆಯಾದರೆ ಬೆಳಕು ಕೆಳಗೆ ಸೋರಿಹೋಗುತ್ತದೆ; ತೀರ ಆಳವಾದರೆ ಹರಳಿನ ನಡುವೆ ಕಪ್ಪು ಕೂರುತ್ತದೆ.

ಭಾನುವಾರ ಕುರುಗೋಡಿಗೆ ಹೋದಾಗ ಹಳೆಯ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಎರಡು ಹರಳು ಹಿಡಿದು ಕುಳಿತೆ. ಒಂದು ಅವ್ವನದು, ಇನ್ನೊಂದು ನನ್ನ ಹೆಂಡತಿಯ ಓಲೆಯಲ್ಲಿರುವ ಅಷ್ಟೇ ಗಾತ್ರದ ಹೊಸದು. ಅಂಗಡಿಯ ದೀಪಗಳ ಕೆಳಗೆ ಎಲ್ಲ ಹರಳೂ ಮಿಂಚುತ್ತದೆ, ಅದನ್ನು ನಂಬಬಾರದು. ಇಲ್ಲಿ ನೆರಳಿನಲ್ಲೂ ಹೊಸದು ಬಿಳುಪು ಕಪ್ಪುಗಳನ್ನು ಚುರುಕಾಗಿ ಬದಲಿಸುತ್ತಿತ್ತು. ಅವ್ವನದರಲ್ಲಿ ನಡುವೆ ಕಿಟಕಿ ತೆರೆದಂತೆ ನನ್ನ ಬೆರಳ ಗೆರೆ ಕಾಣುತ್ತಿತ್ತು. ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಕಲ್ಲಿನ ಒಡಲು ತಿಳಿನೀರಿನಂತಿತ್ತು, ಒಂದು ಚುಕ್ಕೆಯಿಲ್ಲ. ಟ್ಯಾವರ್ನಿಯೆ ಕಂಡ ಸಾಣೆಯವರ ಜಾತಿಯದೇ ಕೆಲಸ: ಶುದ್ಧವಾದ್ದರಿಂದಲೇ ಅದನ್ನು ಹೆಚ್ಚು ಕಡೆಯಲಿಲ್ಲ. ಸೋರುವ ಬೆಳಕನ್ನು ತಳದ ಬೆಳ್ಳಿಯ ರೇಕು ತಡೆದು ಹಿಂದಕ್ಕೆ ಕೊಡುತ್ತಿತ್ತು. ಆ ರೇಕು ಅಂಗಡಿಯ ಗಾಜಿನ ಮೇಲೆ ಕಸದಂತೆ ಉದುರಿದ್ದನ್ನು ನಾನು ಕಂಡಿದ್ದೆ.

ಮರುದಿನ ಹೋಗಿ, ಹರಳಿಗೆ ಸಾಣೆ ಮುಟ್ಟಿಸಬೇಡಿ, ಹೊಸ ರೇಕಿಟ್ಟು ತಳ ಮುಚ್ಚಿದ ಗೂಡಿನಲ್ಲೇ ಕೂರಿಸಿಕೊಡಿ ಎಂದೆ. ಅಂಗಡಿಯವರು ಒಮ್ಮೆ ನನ್ನನ್ನೂ ಒಮ್ಮೆ ಹರಳನ್ನೂ ನೋಡಿದರು. ಆ ಕೆಲಸ ಬಲ್ಲ ವಯಸ್ಸಾದ ಅಕ್ಕಸಾಲಿಯೊಬ್ಬರಿದ್ದಾರೆ, ಎಂಟು ದಿನ ಹಿಡಿಯುತ್ತದೆ ಎಂದರು. ಮದುವೆಗೆ ಹನ್ನೊಂದು ದಿನವಿದೆ.