ಎರಡು ಸಲ ಧ್ವಜ ಬದಲಿಸಿದ ಹಡಗು

ನೌಕಾಯುದ್ಧ ಅಂದ್ರೆ ಸಮುದ್ರವೇ ನೆನಪಾಗುತ್ತೆ. ಇವತ್ತಿನ ಕಥೆ ಮಾತ್ರ ಒಂದು ಸರೋವರದ್ದು.

1812ರಲ್ಲಿ ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ನ್ಯೂಯಾರ್ಕ್–ವರ್ಮಾಂಟ್ ನಡುವೆ ಕೆನಡಾದತ್ತ ಚಾಚಿರುವ ಶಾಂಪ್ಲೇನ್ ಸರೋವರವೇ ಆಗಿನ ಹೆದ್ದಾರಿ. ಕಾಡಿನಲ್ಲಿ ಫಿರಂಗಿ ಸಾಗಿಸೋಕೆ ಒಳ್ಳೆಯ ರಸ್ತೆಗಳಿರಲಿಲ್ಲ. ನೀರು ಯಾರದೋ ದಾರಿ ಅವರದೇ.

ಅಲ್ಲಿನ ಅಮೆರಿಕನ್ ನೌಕಾಬಲದ ಮುಖ್ಯಸ್ಥ ಥಾಮಸ್ ಮ್ಯಾಕ್‌ಡೊನೊ. ಅವನ ಬಳಿ ಗ್ರೌಲರ್, ಈಗಲ್ ಎಂಬ ಎರಡು ಸ್ಲೂಪ್‌ಗಳಿದ್ದವು. ಸ್ಲೂಪ್ ಅಂದ್ರೆ ಒಂದೇ ಕೂವೆಮರದ ಸಣ್ಣ ಹಾಯಿಹಡಗು. ಒಂದೊಂದರಲ್ಲಿ 11 ಫಿರಂಗಿ.

1813ರ ಜೂನ್ 3ರಂದು ಲೆಫ್ಟಿನೆಂಟ್ ಸಿಡ್ನಿ ಸ್ಮಿತ್ ಈ ಎರಡನ್ನೂ ತೆಗೆದುಕೊಂಡು ಬ್ರಿಟಿಷ್ ದೋಣಿಗಳನ್ನು ಅಟ್ಟಿಸಿಕೊಂಡು ರಿಶೆಲ್ಯೂ ನದಿಗೆ ನುಗ್ಗಿದ. ಗಾಳಿ ಬಂದಾಗ ತೂರಿಕೋ ಅಂತೀವಲ್ಲ, ಹಾಗೆ. ಆದರೆ ಸರೋವರದ ನೀರು ಈ ನದಿಯಲ್ಲಿ ಉತ್ತರಕ್ಕೆ ಹರಿಯುತ್ತೆ, ಗಾಳಿಯೂ ದಕ್ಷಿಣದಿಂದ ಬೀಸುತ್ತಿತ್ತು. ಹೋಗೋದು ಸಲೀಸು, ವಾಪಸ್ ಬರೋಕೆ ಗಾಳಿ, ಪ್ರವಾಹ ಎರಡೂ ಎದುರು. ಇಕ್ಕಟ್ಟಾದ ನದಿ, ದಡದಿಂದ ಸೈನಿಕರ ಗುಂಡಿನ ಮಳೆ. ಕೆಲವು ಗಂಟೆಗಳಲ್ಲೇ ಈಗಲ್ ಮುಳುಗಿತು, ಗ್ರೌಲರ್ ನೆಲಕಚ್ಚಿತು. ಸುಮಾರು ನೂರು ಮಂದಿ ಸೆರೆಯಾದರು.

ಬ್ರಿಟಿಷರು ಈಗಲ್ ಅನ್ನು ಮೇಲೆತ್ತಿ, ಎರಡನ್ನೂ ರಿಪೇರಿ ಮಾಡಿ ತಮ್ಮ ನೌಕಾಪಡೆಗೆ ಸೇರಿಸಿಕೊಂಡರು. ಶ್ಯಾನನ್, ಬ್ರೋಕ್ ಅಂತ ಹೆಸರಿಟ್ಟರು. ಎರಡೇ ದಿನ ಹಿಂದೆ ಕ್ಯಾಪ್ಟನ್ ಬ್ರೋಕ್‌ನ ಶ್ಯಾನನ್ ಹಡಗು ಬಾಸ್ಟನ್ ಹತ್ತಿರ ಅಮೆರಿಕದ ಚೆಸಪೀಕ್ ಅನ್ನು ಸೆರೆಹಿಡಿದಿತ್ತು. ಆ ಗೆಲುವಿನ ನೆನಪಿಗೆ ಇಟ್ಟ ಹೆಸರು. ಆಮೇಲೆ ಅವೇ ಚಬ್, ಫಿಂಚ್ ಆದವು.

ಎರಡೇ ಸ್ಲೂಪ್ ಕೈಬದಲಾದ್ರೆ ಏನಾಗುತ್ತೆ? ಸರೋವರವೇ ಕೈಬದಲಾಯಿತು. ಎರಡು ತಿಂಗಳೊಳಗೆ ಬ್ರಿಟಿಷರು ಪ್ಲಾಟ್ಸ್‌ಬರ್ಗ್‌ಗೆ ಬಂದಿಳಿದು ಸೈನಿಕರ ವಸತಿಗಳನ್ನು ಸುಟ್ಟುಹಾಕಿದರು.

ಮ್ಯಾಕ್‌ಡೊನೊ ಹೊಸ ಹಡಗುಗಳನ್ನು ಕಟ್ಟಿಸಿದ. 1814ರ ಸೆಪ್ಟೆಂಬರ್ 11ರಂದು ಪ್ಲಾಟ್ಸ್‌ಬರ್ಗ್ ಕೊಲ್ಲಿಯೊಳಗೆ ಲಂಗರು ಹಾಕಿ ಕಾದ. ಉತ್ತರದ ಗಾಳಿಯಲ್ಲಿ ಬಂದ ಬ್ರಿಟಿಷರು ಭೂಶಿರ ಸುತ್ತಿ ಕೊಲ್ಲಿಗೆ ತಿರುಗಿದಾಗ ಅದೇ ಗಾಳಿ ಎದುರಾಯಿತು. ಹಗ್ಗ-ಹಾಯಿ ಹರಿದ ಚಬ್ ತೇಲುತ್ತಾ ಅಮೆರಿಕನ್ನರ ಕೈಸೇರಿತು. ಪೆಟ್ಟು ತಿಂದ ಫಿಂಚ್ ಕ್ರ್ಯಾಬ್ ದ್ವೀಪದ ಹತ್ತಿರ ನೆಲಕಚ್ಚಿತು. ಆ ದ್ವೀಪದ ಆಸ್ಪತ್ರೆಯಲ್ಲಿದ್ದ ರೋಗಿಗಳೇ ಎದ್ದು ಅದರ ಮೇಲೆ ಫಿರಂಗಿ ಹಾರಿಸಿದರು! ಬ್ರಿಟಿಷ್ ಭೂಸೇನೆ ಕೆನಡಾಕ್ಕೆ ಹಿಂತಿರುಗಿತು. ಡಿಸೆಂಬರ್ 24ರಂದು ಘೆಂಟ್ ಒಪ್ಪಂದಕ್ಕೆ ಸಹಿ ಬಿತ್ತು.

ಮರುವರ್ಷ ಎರಡೂ ಹಡಗುಗಳನ್ನು ಮಾರಿಬಿಟ್ಟರು. ಸ್ಮಿತ್ ಒಳಗೆ ಹೋಗೋಕೆ ಗಾಳಿ ನೋಡಿದ. ಮ್ಯಾಕ್‌ಡೊನೊ ಶತ್ರು ಒಳಗೆ ಬಂದಮೇಲೆ ಗಾಳಿ ಯಾವ ಕಡೆ ಇರುತ್ತೆ ಅಂತ ನೋಡಿದ. ಈ ಸಣ್ಣ ಹಡಗುಗಳು ಎರಡು ಸಲ ಧ್ವಜ ಬದಲಿಸಿದ್ದರ ಹಿಂದೆ ಇಷ್ಟೇ ಲೆಕ್ಕ.